ಬೆಲೆ ಇಳಿದರೂ ಗಾತ್ರ ಇಳಿಯದ ಗೇಮ್‌ಗಳು

ಗೇಮ್ ಬಂದ ದಿನವೇ ಕೊಳ್ಳದೆ ಎರಡು ಮೂರು ವರ್ಷ ಕಾಯುವುದೇ ಸರಿ. ಬೆಲೆ ಇಳಿಯುತ್ತದೆ, ದೋಷಗಳೂ ಬಹುಪಾಲು ಸರಿಹೋಗಿರುತ್ತವೆ. 2020ರ ಡಿಸೆಂಬರ್‌ನಲ್ಲಿ ಬಂದ ಸೈಬರ್‌ಪಂಕ್ 2077 ನಿಜಕ್ಕೂ ನೆಟ್ಟಗಾಗಿದ್ದು 2023ರ 2.0 ಅಪ್‌ಡೇಟ್ ಹೊತ್ತಿಗೆ. ಆದರೆ ಎಷ್ಟು ಕಾದರೂ ಡೌನ್‌ಲೋಡ್ ಗಾತ್ರ ಸಾಮಾನ್ಯವಾಗಿ ಇಳಿಯುವುದಿಲ್ಲ. ಹೊಟ್ಟೆ ಉರಿಯುವುದು ಇದಕ್ಕೇ.

ರೆಡ್ ಡೆಡ್ ರಿಡೆಂಪ್ಷನ್ 2ಕ್ಕೆ ಪಿಸಿಯಲ್ಲಿ 150 ಜಿಬಿ ಜಾಗ ಬೇಕು. ಕುಗ್ಗಿಸಿದ ಡೌನ್‌ಲೋಡ್ 120 ಜಿಬಿ ಎಂದಿಟ್ಟುಕೊಂಡರೂ, ಮಸ್ಕಿ, ಕುಷ್ಟಗಿ ಸುತ್ತಿನ ಹಳ್ಳಿಯಲ್ಲಿ ದಿನಕ್ಕೆ 2 ಜಿಬಿ ಮೊಬೈಲ್ ಡೇಟಾ ನಂಬಿದವರಿಗೆ 60 ದಿನ ಬೇಕು. ಅದೂ ಮನೆಯಲ್ಲಿ ಬೇರೆ ಯಾರೂ ಫೋನ್ ಮುಟ್ಟದಿದ್ದರೆ!

4 ಜಿಬಿಯ ಗ್ರಾಫಿಕ್ಸ್ ಕಾರ್ಡ್, 1080ಪಿ ಮಾನಿಟರ್ ಇದ್ದವರಿಗೆ 4ಕೆ ಟೆಕ್ಸ್ಚರ್ (ಗೇಮಿನ ವಸ್ತುಗಳ ಮೇಲ್ಮೈಗೆ ಹೊದಿಸುವ ತುಂಬಾ ಸೂಕ್ಷ್ಮ ಚಿತ್ರ) ಯಾಕೆ? ಕೇಳದ ಭಾಷೆಗಳ ಧ್ವನಿ ಯಾಕೆ? ಬೇರೆ ಮಾಡಿ ಕೊಡಬಹುದು. 2017ರಲ್ಲಿ ಫಾಲ್ಔಟ್ 4ರ ಹೈ ರೆಸಲ್ಯೂಷನ್ ಪ್ಯಾಕ್ ಹಾಗೆಯೇ ಬಂತು, ಬೇಕಾದವರಷ್ಟೇ ಇಳಿಸಿಕೊಂಡರು.

ಸದ್ಯಕ್ಕೆ ದಾರಿ ಇಷ್ಟೇ: ರಾಯಚೂರಿನಲ್ಲೋ ಕೊಪ್ಪಳದಲ್ಲೋ ಫೈಬರ್ ಇರುವ ಗೆಳೆಯರ ಪಿಸಿಯಲ್ಲಿ ನಿಮ್ಮ ಸ್ಟೀಮ್ (ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ) ಖಾತೆಯಿಂದ ಇಳಿಸಿ, ಹಾರ್ಡ್‌ಡಿಸ್ಕಿಗೆ ಹಾಕಿಕೊಳ್ಳಿ. ಡಿಸ್ಕಿನ ಫಾರ್ಮ್ಯಾಟ್ (ಫೈಲ್ ಜೋಡಿಸಿಡುವ ಬಗೆ) ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರಲಿ. ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲ್ ಕೂರುವುದಿಲ್ಲ. ಸ್ಟೀಮ್‌ಆ್ಯಪ್ಸ್‌ನ ಕಾಮನ್ ಫೋಲ್ಡರ್‌ನಲ್ಲಿರುವ ಗೇಮ್ ಜತೆಗೆ ಅದರ ಆ್ಯಪ್‌ಮ್ಯಾನಿಫೆಸ್ಟ್ ಫೈಲನ್ನೂ (ಗೇಮಿನ ವಿವರ ಸ್ಟೀಮಿಗೆ ಹೇಳುವ ಚಿಕ್ಕ ಫೈಲ್) ತಂದು, ನಿಮ್ಮ ಪಿಸಿಯಲ್ಲೂ ಅವವೇ ಫೋಲ್ಡರ್‌ಗಳಿಗೆ ಹಾಕಿ. ಅದು ಬಿಟ್ಟುಹೋದರೆ ಗೇಮ್ ಇನ್‌ಸ್ಟಾಲ್ ಆಗಿದೆ ಎಂದೇ ಸ್ಟೀಮ್ ತೋರಿಸುವುದಿಲ್ಲ. ಆಗ ಗಾಬರಿಯಾಗಿ ಅಳಿಸಬೇಡಿ. ಅದೇ ಜಾಗಕ್ಕೆ ಇನ್‌ಸ್ಟಾಲ್ ಒತ್ತಿದರೆ ಇರುವ ಫೈಲ್‌ಗಳನ್ನು ಪರೀಕ್ಷಿಸಿ, ಕೊರತೆಯಷ್ಟನ್ನೇ ಇಳಿಸುತ್ತದೆ.