ಓಡಿಸಲು ಹೆದರುವ ಪ್ಲೇಬುಕ್

ಸರ್ವರ್‌ಗಳ ಸೆಟ್ಟಿಂಗ್‌ಗಳನ್ನು ಕೋಡಿನಲ್ಲಿ ಬರೆದಿಟ್ಟು, ಅದರಂತೆ ಸರ್ವರ್‌ಗಳನ್ನು ಸಜ್ಜು ಮಾಡುವ ಸಾಧನಗಳಲ್ಲಿ ಆನ್ಸಿಬಲ್ ಒಳ್ಳೆಯದಾ, ಪಪೆಟ್ ಒಳ್ಳೆಯದಾ ಅಂತ ವಾದ ಮಾಡುವವರನ್ನು ಅಲ್ಲೂ ನೋಡಿದ್ದೇನೆ, ಇಲ್ಲೂ ನೋಡುತ್ತಿದ್ದೇನೆ. ಕರ್ನಾಟಕದಲ್ಲಿದ್ದಾಗ ನಮ್ಮ ತಂಡದ್ದು ಆನ್ಸಿಬಲ್. ಹೊರನಾಡಿಗೆ ಬಂದ ಮೇಲೆ ಸಿಕ್ಕ ತಂಡದ್ದು ಪಪೆಟ್. ನಾನು ಕೇಳುವುದು ಬೇರೆಯೇ: ನಿಮ್ಮ ಕೋಡನ್ನು ಈಗಲೇ ಎಲ್ಲ ಸರ್ವರ್‌ಗಳ ಮೇಲೆ ಓಡಿಸಿ ಅಂದರೆ ಧೈರ್ಯವಾಗಿ ಓಡಿಸುತ್ತೀರಾ?

ಅಲ್ಲಿ ನಮಗೆ ಆ ಧೈರ್ಯ ಇರಲಿಲ್ಲ. ಆನ್ಸಿಬಲ್‌ಗೆ ಏಜೆಂಟ್ (ಪ್ರತಿ ಸರ್ವರ್‌ನಲ್ಲೂ ಕೂರಿಸುವ ಸಹಾಯಕ ಪ್ರೋಗ್ರಾಂ) ಬೇಡ, ಸಾಮಾನ್ಯವಾಗಿ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ಮತ್ತು ಪೈಥಾನ್ ಇದ್ದರೆ ಸಾಕು. ಶುರು ಮಾಡೋಕೆ ಅದಕ್ಕೇ ಸುಲಭ. ಆದರೆ ನಾವು ಓಡಿಸಿದಾಗ ಮಾತ್ರ ಅದು ಸರ್ವರ್ ಕಡೆ ತಿರುಗಿ ನೋಡುತ್ತದೆ. ರಾತ್ರಿ ಸೈಟ್ ಬಿದ್ದಾಗ ಯಾರೋ ಲಾಗಿನ್ ಆಗಿ ಎಂಜಿನ್‌ಎಕ್ಸ್ ವೆಬ್ ಸರ್ವರ್‌ನ ಟೈಮ್‌ಔಟ್ ಜಾಸ್ತಿ ಮಾಡುತ್ತಾರೆ. ಸೈಟ್ ಏಳುತ್ತದೆ, ಅವರು ಮಲಗುತ್ತಾರೆ. ನಮ್ಮ ಕೋಡು ಇರುವ ಗಿಟ್‌ನಲ್ಲಿ ಮಾತ್ರ ಹಳೇ ಸಂಖ್ಯೆಯೇ. ಇಂಥವು ನಾಲ್ಕಾರು ಸೇರಿದ ಮೇಲೆ ಪ್ಲೇಬುಕ್ (ಆನ್ಸಿಬಲ್ ಕೋಡಿನ ಫೈಲ್) ಓಡಿಸಿದರೆ ಏನೇನು ಅಳಿಸುತ್ತೋ ಅನ್ನುವ ಭಯ. ಭಯಕ್ಕೆ ಓಡಿಸುವುದಿಲ್ಲ, ಓಡಿಸದೇ ವ್ಯತ್ಯಾಸ ಇನ್ನೂ ಬೆಳೆಯುತ್ತದೆ.

ಪಪೆಟ್ ಏಜೆಂಟ್ ಹಾಗಲ್ಲ. ಸೆಟ್ಟಿಂಗ್ ಬದಲಿಸದಿದ್ದರೆ 30 ನಿಮಿಷಕ್ಕೊಮ್ಮೆ ತಾನೇ ಓಡುತ್ತದೆ. ಅದರ ಸುಪರ್ದಿಯಲ್ಲಿರುವ ಫೈಲನ್ನು ಕೈಯಿಂದ ತಿದ್ದಿದರೆ ಅರ್ಧ ಗಂಟೆಯೊಳಗೆ ಮೊದಲಿನಂತಾಗುತ್ತದೆ. ಹಾಗಾಗಿ ಇಲ್ಲಿಯವರು ಎಲ್ಲವನ್ನೂ ಗಿಟ್‌ಗೆ ಹಾಕುವುದು ಶಿಸ್ತಿಗಿಂತ ಹೆಚ್ಚಾಗಿ ಬೇರೆ ದಾರಿಯಿಲ್ಲದೆ. ತುರ್ತು ಇದ್ದರೆ ಕಾರಣ ಬರೆದು ಏಜೆಂಟನ್ನು ನಿಲ್ಲಿಸಬಹುದು. ಮತ್ತೆ ಶುರು ಮಾಡಲು ಮರೆಯುವವರು ಇಲ್ಲೂ ಇದ್ದಾರೆ ಬಿಡಿ.

ಒಂದು ಮಾತು ಹೇಳಲೇಬೇಕು. ಬಿದ್ದದ್ದನ್ನು ಎಬ್ಬಿಸುವ ನಮ್ಮ ಹಳೇ ತಂಡದ ಚುರುಕು ಇಲ್ಲಿಲ್ಲ. ಸೈಟ್ ಕೆಳಗಿದ್ದರೂ ಒಂದು ಸಾಲಿನ ಬದಲಾವಣೆಗೆ ಸಹೋದ್ಯೋಗಿಯ ರಿವ್ಯೂ ಕಾಯುತ್ತಾ ಕೂರುತ್ತಾರೆ. ಅದು ನನಗೆ ಇವತ್ತಿಗೂ ಒಗ್ಗಿಲ್ಲ. ಮೊದಲು ಸರಿ ಮಾಡಿ, ಬೆಳಿಗ್ಗೆ ಗಿಟ್‌ಗೆ ಹಾಕಿದರಾಯಿತು, ಅಲ್ವಾ?

ಆ ಬೆಳಿಗ್ಗೆಯ ಕೆಲಸ ತಪ್ಪದಂತೆ ನೋಡಿಕೊಳ್ಳೋಕೆ ಪಪೆಟ್ಟೇ ಬೇಕಿಲ್ಲ. ಆನ್ಸಿಬಲ್ ಪ್ಲೇಬುಕ್ಕನ್ನೇ ದಿನಾ ರಾತ್ರಿ ಚೆಕ್ ಮತ್ತು ಡಿಫ್ ಆಯ್ಕೆ ಹಾಕಿ ಓಡಿಸಿ. ಏನನ್ನೂ ಮುಟ್ಟದೆ, ಎಲ್ಲೆಲ್ಲಿ ವ್ಯತ್ಯಾಸ ಇದೆ ಅಂತ ಸಾಲು ಸಾಲಾಗಿ ತೋರಿಸುತ್ತದೆ. ತೊಡಕು ಇರುವುದು, ನಾವು ಬರೆದ ಕಮಾಂಡನ್ನು ಹಾಗೇ ಓಡಿಸುವ ಶೆಲ್ ಮಾಡ್ಯೂಲ್‌ನಲ್ಲಿ. ಚೆಕ್ ಮೋಡ್ ಸಾಮಾನ್ಯವಾಗಿ ಆ ಸಾಲುಗಳನ್ನು ಸುಮ್ನೆ ದಾಟಿಬಿಡುತ್ತದೆ. ಜೊತೆಗೆ, ಶೆಲ್‌ನಲ್ಲಿ ಎಕೋ ಮಾಡಿ ಫೈಲ್ ಕೊನೆಗೆ ಒಂದು ಸಾಲು ಸೇರಿಸಿದರೆ, ಓಡಿಸಿದಷ್ಟು ಸಲ ಅದೇ ಸಾಲು ಸೇರುತ್ತಾ ಹೋಗುತ್ತದೆ. ಅದರ ಬದಲು ಲೈನ್‌ಇನ್‌ಫೈಲ್ ಮಾಡ್ಯೂಲ್ ಬಳಸಿದರೆ ಸಾಲು ಇದೆಯಾ ನೋಡಿ, ಇಲ್ಲದಿದ್ದರೆ ಮಾತ್ರ ಸೇರಿಸುತ್ತದೆ. ಪ್ಲೇಬುಕ್ಕನ್ನು ಬೆನ್ನುಬೆನ್ನಿಗೆ ಎರಡು ಸಲ ಓಡಿಸಿ ನೋಡಿ. ಎರಡನೇ ಸಲ ‘ಚೇಂಜ್ಡ್’ ಪಕ್ಕ 0 ಬರದಿದ್ದರೆ, ಅಂದರೆ ಮತ್ತೆ ಏನೋ ಬದಲಾಗಿದ್ದರೆ, ಅದನ್ನು ರಿವ್ಯೂನಲ್ಲೇ ತಡೆಯಿರಿ.

ಕ್ಲೌಡ್ ಸರ್ವರ್, ನೆಟ್‌ವರ್ಕ್‌ಗಳನ್ನೇ ಕೋಡಿನಿಂದ ಕಟ್ಟುವ ಟೆರಾಫಾರ್ಮ್‌ನಲ್ಲೂ ಹೀಗೇ ಮಾಡಬಹುದು. ಏನು ಬದಲಾಗುತ್ತದೆ ಅಂತ ಮೊದಲೇ ತೋರಿಸುವ ಅದರ ಪ್ಲ್ಯಾನ್ ಕಮಾಂಡ್‌ಗೆ ‘ಡೀಟೇಲ್ಡ್ ಎಕ್ಸಿಟ್‌ಕೋಡ್’ ಆಯ್ಕೆ ಕೊಟ್ಟರೆ ವ್ಯತ್ಯಾಸ ಇದ್ದಾಗ 2 ಅಂತ ಹಿಂತಿರುಗಿಸುತ್ತದೆ. ಅದನ್ನೇ ಹಿಡಿದು ಅಲರ್ಟ್ ಕಳಿಸಿ. ಇಡೀ ತಂಡದ ಗ್ರೂಪಿಗೆ ಕಳಿಸಿದರೆ ಯಾರೂ ಓದುವುದಿಲ್ಲ, ಆ ವಾರ ಡ್ಯೂಟಿಯಲ್ಲಿರುವ ಒಬ್ಬರ ಹೆಸರಿಗೇ ಹೋಗಲಿ.