ಓಟಿ ಲಿಸ್ಟಿನಿಂದ ಬಿಟ್ಟುಹೋದವರು

2020ರ ಮಾರ್ಚ್ ಕೊನೆಯ ವಾರ. ಮಂಗಳೂರಿನ ಒಂದು ಆಸ್ಪತ್ರೆಯ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ನಾನು ನರ್ಸ್. ಕೋವಿಡ್ ಲಾಕ್‌ಡೌನ್ ಶುರುವಾಗಿ, ತುರ್ತಲ್ಲದ ಆಪರೇಷನ್‌ಗಳನ್ನೆಲ್ಲ ನಿಲ್ಲಿಸಿದ್ದೆವು. ಲಿಸ್ಟ್ ಹಿಡಿದು ಒಬ್ಬೊಬ್ಬರಿಗೇ ಫೋನ್ ಮಾಡಿ, "ಈಗ ಬರಬೇಡಿ, ನಾವೇ ತಿಳಿಸುತ್ತೇವೆ" ಎಂದು ಹೇಳುವ ಕೆಲಸ ನನಗೆ ಬಂತು. ಹರ್ನಿಯಾ, ಪಿತ್ತಕೋಶದ ಕಲ್ಲು, ಗರ್ಭಕೋಶದ ಗಡ್ಡೆ, ಮೊಣಕಾಲು. ಬೆಳ್ತಂಗಡಿ ಕಡೆಯ ಒಬ್ಬರು "ಮತ್ತೆ ಯಾವಾಗ ಸಿಸ್ಟರ್?" ಎಂದರು. ನನ್ನ ಹತ್ತಿರ ತಾರೀಕು ಇರಲಿಲ್ಲ.

ನಿಲ್ಲಿಸಿದ್ದು ತಪ್ಪು ಎನ್ನಲಾರೆ. ಅರಿವಳಿಕೆಗೆಂದು ಗಂಟಲಿಗೆ ಟ್ಯೂಬ್ ಹಾಕುವಾಗ ವೈರಸ್ ಗಾಳಿಗೆ ಸೇರುವ ಭಯ. ಪಿಪಿಇ ಕಿಟ್ ಎಣಿಸಿ ಕೊಡುತ್ತಿದ್ದರು. ಸರ್ಕಾರಿ ಜಿಲ್ಲಾ ಆಸ್ಪತ್ರೆ ವೆನ್ಲಾಕ್ ಕೋವಿಡ್‌ಗೆ ಮೀಸಲಾಗಿತ್ತು, ಕೇರಳದ ಕಡೆಯ ತಲಪಾಡಿ ಗಡಿ ಮುಚ್ಚಿತ್ತು. ಮೇ ತಿಂಗಳಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ 24 ದೇಶಗಳ 1,128 ರೋಗಿಗಳ ಲೆಕ್ಕ ಬಂತು. ಆಪರೇಷನ್ ಆಸುಪಾಸಿನಲ್ಲಿ ಕೋವಿಡ್ ತಗುಲಿದವರಲ್ಲಿ ನೂರಕ್ಕೆ ಸುಮಾರು 24 ಮಂದಿ 30 ದಿನದೊಳಗೆ ತೀರಿಕೊಂಡಿದ್ದರು. ಹಾಗಾಗಿ ಆ ಹೆದರಿಕೆ ಸುಮ್ನೆ ಬಂದದ್ದಲ್ಲ.

ನನಗೆ ಇವತ್ತಿಗೂ ನೋವಿರುವುದು ಆಮೇಲಿನದ್ದರ ಬಗ್ಗೆ. ಮೊದಲೇ ದಿನ ಗೊತ್ತುಮಾಡಿ ಮಾಡುವ ಆಪರೇಷನ್ನಿಗೆ ನಾವು ಎಲೆಕ್ಟಿವ್ ಅನ್ನುತ್ತೇವೆ. ಮನೆಯವರ ಕಿವಿಗೆ ಅದು "ಮಾಡದಿದ್ದರೂ ನಡೆಯುತ್ತದೆ" ಅಂತ ಕೇಳಿಸಿತು.

ಮೂರು ವಾರ ಕಳೆದು ಬೆಳ್ತಂಗಡಿಯ ಅವರೇ ರಾತ್ರಿ ಬಂದರು. ಹರ್ನಿಯಾದಲ್ಲಿ, ಅಂದರೆ ಹೊಟ್ಟೆಯ ಗೋಡೆ ಸಡಿಲಾದ ಕಡೆ ಗಡ್ಡೆಯಂತೆ ಉಬ್ಬಿ ಬಂದ ಜಾಗದಲ್ಲಿ, ಕರುಳು ಸಿಕ್ಕಿಕೊಂಡಿತ್ತು. ಹಾಗಾದರೆ ರಕ್ತ ಹೋಗುವುದು ನಿಂತು ಕೆಲವೇ ಗಂಟೆಗಳಲ್ಲಿ ಕರುಳು ಕೊಳೆಯಬಹುದು. ಬೆಳಿಗ್ಗೆಯಿಂದಲೇ ವಾಂತಿ. ಬಸ್ಸಿಲ್ಲ, ಚೆಕ್‌ಪೋಸ್ಟ್‌ನಲ್ಲಿ ಬಿಡುತ್ತಾರೋ ಇಲ್ಲವೋ ಎಂಬ ಅಂಜಿಕೆ. ಅದಕ್ಕಿಂತ ಜಾಸ್ತಿ, "ನೀವೇ ಬರಬೇಡಿ ಅಂದಿದ್ರಲ್ಲಾ" ಎಂದರು ಅವರ ಹೆಂಡತಿ. ಬೈದು ಹೇಳಿದ್ದಲ್ಲ. ನಾನು ಹೇಳಿದ ಮಾತನ್ನು ಅಷ್ಟು ನಂಬಿದ್ದರು. ಒಂದು ಗೇಣು ಕರುಳು ತೆಗೆಯಬೇಕಾಯಿತು. ಅವರು ಉಳಿದರು.

ಫೋನಿನಲ್ಲಿ ಇನ್ನೊಂದೇ ಮಾತು ಸೇರಿಸಬಹುದಿತ್ತು ಅಲ್ವಾ? "ಹರ್ನಿಯಾದ ಗಡ್ಡೆ ಒಳಗೆ ಹೋಗದಿದ್ದರೆ, ನೋವು ಬಂದು ವಾಂತಿಯಾದರೆ ಯಾವ ಹೊತ್ತಾದರೂ ಬನ್ನಿ." ಆ ರಾತ್ರಿಯ ನಂತರ ನಾವು ಒಂದು ನೋಟ್‌ಬುಕ್ ಇಟ್ಟೆವು. ವಾರಕ್ಕೊಮ್ಮೆ ಪ್ರತಿಯೊಬ್ಬರಿಗೂ ಕರೆ. ಯಾರ ನೋವು ಹೆಚ್ಚಾಗಿದೆಯೋ ಅವರ ಹೆಸರು ಡಾಕ್ಟರ ಮೇಜಿಗೆ. ಓಟಿ ಮತ್ತೆ ಶುರುವಾದಾಗ ಕರೆದದ್ದೂ ಅದೇ ನೋಟ್‌ಬುಕ್ ನೋಡಿ, ಮೊದಲು ಬುಕ್ ಮಾಡಿದವರು ಯಾರು ಅಂತ ನೋಡಿ ಅಲ್ಲ.

ಈ ಕೆಲಸ ಒಬ್ಬ ನರ್ಸಿನ ಮನಸ್ಸಿಗೆ ಬಿಟ್ಟದ್ದಾಗಬಾರದು. ಆಪರೇಷನ್ ಮುಂದೂಡಿದ ದಿನವೇ ಆ ರೋಗಿಗೆ ಮುಂದೆ ಫೋನ್ ಮಾಡುವವರು ಯಾರು, ಯಾವತ್ತು ಎಂದು ಕೇಸ್ ಶೀಟಿನಲ್ಲೇ ಬರೆದಿರಬೇಕು. ನಮ್ಮ ನೋಟ್‌ಬುಕ್ಕಿನಲ್ಲಿ ಕೊನೆಯವರೆಗೂ ಫೋನ್ ಎತ್ತದ ನಾಲ್ಕು ನಂಬರ್‌ಗಳಿವೆ.