ಪ್ರಸಂಗ ಮಾಡಲು ಬಾರದ ಡೀಕನ್

ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಮೀಟಿಂಗ್ ಇತ್ತು. ಹೊಸದಾಗಿ ಮೂವರು ಡೀಕನ್‌ಗಳನ್ನು ಆರಿಸಬೇಕಿತ್ತು, ಅಂದರೆ ಸಭೆಯ ಸೇವಕರನ್ನು. ನಾನು ನಮ್ಮ ಆಟೋ ಅಣ್ಣನ ಹೆಸರು ಹೇಳಿದೆ. (ಅವರ ಹೆಸರು ಇಲ್ಲಿ ಬೇಡ, ಮುಜುಗರ ಪಟ್ಟುಕೊಳ್ಳುತ್ತಾರೆ.) ಹಿರಿಯರೊಬ್ಬರು ನಕ್ಕರು. "ಒಳ್ಳೇ ಮನುಷ್ಯನಪ್ಪ, ಇಲ್ಲ ಅನ್ನಲ್ಲ. ಆದ್ರೆ ಮೈಕ್ ಕೊಟ್ರೆ ಎರಡು ಮಾತಾಡಕ್ಕೆ ಬರಲ್ಲ. ಪಾಸ್ಟರ್ ಊರಲ್ಲಿ ಇಲ್ದಾಗ ಪ್ರಸಂಗ ಯಾರು ಮಾಡ್ತಾರೆ?" ಅಂದರು. (ಪ್ರಸಂಗ ಅಂದರೆ ಆರಾಧನೆಯಲ್ಲಿ ಕೊಡುವ ಉಪದೇಶ.) ನಾಲ್ಕು ಜನ ತಲೆ ಆಡಿಸಿದರು. ಆ ಹೆಸರು ಅಲ್ಲಿಗೇ ಬಿದ್ದುಹೋಯಿತು.

ಆ ಹಿರಿಯರು ನನಗೆ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿಕೊಟ್ಟವರು. ಎಲ್ಲರ ಮುಂದೆ ಎದುರು ಮಾತಾಡಲು ನನಗೆ ಬಾಯಿ ಬರಲಿಲ್ಲ. ಮನೆಗೆ ಬಂದು ಊಟ ಮಾಡಿ ಬೈಬಲ್ ತೆಗೆದುಕೊಂಡು ಕೂತೆ. ಅಲ್ಲಿ ಹೇಳದೆ ನುಂಗಿಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕ್ರೈಸ್ತರಲ್ಲದ ಗೆಳೆಯರಿಗೆ ಒಂದು ಮಾತು. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಸಭೆಗೆ ಎರಡು ಬಗೆಯ ಜವಾಬ್ದಾರರು ಕಾಣುತ್ತಾರೆ. ಒಬ್ಬರು ಹಿರಿಯರು, ಅಂದರೆ ಎಲ್ಡರ್‌ಗಳು. ಸಭಾಧ್ಯಕ್ಷರು ಅಂತಲೂ ಅವರನ್ನೇ ಕರೆಯುತ್ತಾರೆ. ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯದಲ್ಲಿ ಎಫೆಸದ ಅದೇ ಜನಕ್ಕೆ ಎರಡೂ ಹೆಸರು ಬರುತ್ತದೆ. ಬೋಧನೆ, ಪ್ರಾರ್ಥನೆ, ಜನರನ್ನು ನಡೆಸುವುದು ಅವರ ಕೆಲಸ. ಇನ್ನೊಬ್ಬರು ಡೀಕನ್‌ಗಳು. ಕನ್ನಡ ಬೈಬಲಿನಲ್ಲಿ ಸಭಾಸೇವಕರು. ಫಿಲಿಪ್ಪಿಯವರಿಗೆ ಬರೆದ ಪತ್ರದ ಮೊದಲ ವಚನದಲ್ಲೇ ಮೊದಲ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನು ಈ ಇಬ್ಬರನ್ನೂ ಹೆಸರಿಸಿ ವಂದನೆ ಹೇಳುತ್ತಾನೆ.

ಈಗ 1 ತಿಮೊಥೆಯ, ಅಂದರೆ ಪೌಲ ತಿಮೊಥೆಯನಿಗೆ ಬರೆದ ಮೊದಲ ಪತ್ರ, ಅದರ 3ನೇ ಅಧ್ಯಾಯ ನೋಡಿ. ಸಭಾಧ್ಯಕ್ಷ ಎಂಥವನಿರಬೇಕು ಅನ್ನುವ ಪಟ್ಟಿಯಲ್ಲಿ ಬೋಧಿಸಲು ಬರಬೇಕು ಅಂತ ಇದೆ. ಅದರ ಕೆಳಗೇ ಸಭಾಸೇವಕರ ಪಟ್ಟಿ. ಗೌರವಸ್ಥರಾಗಿರಬೇಕು, ಎರಡು ನಾಲಿಗೆ ಇರಬಾರದು, ಕುಡುಕರಾಗಿರಬಾರದು, ದುಡ್ಡಿನಾಸೆ ಇರಬಾರದು, ನಂಬಿಕೆಯನ್ನು ಶುದ್ಧ ಮನಸ್ಸಿನಿಂದ ಹಿಡಿದುಕೊಂಡಿರಬೇಕು, ಮನೆ ಸರಿಯಾಗಿ ನಡೆಸಬೇಕು, ಮೊದಲು ಪರೀಕ್ಷೆಯಾಗಬೇಕು. ಬೋಧನೆಯ ಮಾತೇ ಇಲ್ಲ. ನಾನು ಎರಡು ಸಲ ಓದಿದೆ. ಇಲ್ಲ.

ಇರುವುದೆಲ್ಲ ಮನೆ ಮನೆಗೆ ಹೋಗಿ, ಬೇರೆಯವರ ದುಡ್ಡು ಕೈಯಲ್ಲಿ ಹಿಡಿದು ಕೆಲಸ ಮಾಡುವವನಿಗೆ ಬೇಕಾದ ಗುಣಗಳು. ಎರಡು ನಾಲಿಗೆ ಯಾಕೆ ಬೇಡ? ಆ ಮನೆಯ ಕಷ್ಟ ಈ ಮನೆಯಲ್ಲಿ ಹೇಳಬಾರದು, ಅದಕ್ಕೆ. ದುಡ್ಡಿನಾಸೆ ಯಾಕೆ ಬೇಡ ಅಂತ ಬೆಂಗಳೂರಿನ ಸಭೆಗಳಲ್ಲಿ ಬೆಳೆದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ದಿಯಾಕೊನೊಸ್ ಅನ್ನುವ ಗ್ರೀಕ್ ಪದಕ್ಕೆ ಸೇವಕ, ಊಟ ಬಡಿಸುವವನು ಅಂತ ಅರ್ಥ. ಕಾನಾ ಊರಿನ ಮದುವೆಯಲ್ಲಿ ಕಲ್ಲಿನ ಬಾನೆಗಳಿಗೆ ನೀರು ತುಂಬಿದ ಆಳುಗಳಿಗೆ ಸುವಾರ್ತೆ ಬರೆದ ಯೋಹಾನನು ಬಳಸುವುದು ಇದೇ ಪದ. ಯೇಸು ಆ ನೀರನ್ನು ದ್ರಾಕ್ಷಾರಸ ಮಾಡಿದ. ಆ ದ್ರಾಕ್ಷಾರಸ ಎಲ್ಲಿಂದ ಬಂತು ಅಂತ ಔತಣದ ಪಾರುಪತ್ಯಗಾರನಿಗೆ ಗೊತ್ತಿರಲಿಲ್ಲ. ನೀರು ಹೊತ್ತವರಿಗೆ ಗೊತ್ತಿತ್ತು. ನನಗೆ ತುಂಬಾ ಇಷ್ಟವಾದ ವಚನ ಅದು.

ಇನ್ನು ಅಪೊಸ್ತಲರ ಕೃತ್ಯಗಳು 6. ಅಲ್ಲಿರುವ ಏಳು ಜನರನ್ನು ಡೀಕನ್ ಅಂತ ಬೈಬಲ್ ಎಲ್ಲೂ ಕರೆಯುವುದಿಲ್ಲ, ಅದು ನಿಜ. ಆದರೆ ಬಡಿಸುವ ಕೆಲಸಕ್ಕೆ ಅದೇ ಮೂಲದ ಪದ ಬರುತ್ತದೆ. ಡೀಕನ್ ಅಂದ ತಕ್ಷಣ ಎಲ್ಲರೂ ಈ ಅಧ್ಯಾಯಕ್ಕೇ ಹೋಗುವುದು ಅದಕ್ಕೆ. ಯೆರೂಸಲೇಮಿನ ಸಭೆಯಲ್ಲಿ ಜಗಳ ಶುರುವಾಗಿದ್ದು ಭಾಷೆಯ ಗೆರೆಯ ಮೇಲೆ. ಗ್ರೀಕ್ ಮಾತಾಡುವವರು, ದಿನದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಬಿಟ್ಟುಬಿಡುತ್ತೀರಿ ಅಂತ ಇಬ್ರಿಯ ಮಾತಾಡುವವರ ಮೇಲೆ ಗೊಣಗಿದರು. ನಾವು ದೇವರ ವಾಕ್ಯ ಬಿಟ್ಟು ಬಡಿಸಲು ಕೂರುವುದು ಸರಿಯಲ್ಲ, ಒಳ್ಳೆ ಹೆಸರಿರುವ ಏಳು ಜನರನ್ನು ನೀವೇ ನೋಡಿಕೊಳ್ಳಿ ಅಂದರು ಅಪೊಸ್ತಲರು, ಅಂದರೆ ಯೇಸುವಿನ ಹನ್ನೆರಡು ಶಿಷ್ಯರು. ಸಭೆ ಆರಿಸಿದ್ದು ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ಅಂತಿಯೋಕ್ಯದ ನಿಕೊಲಾಯ. ಏಳೂ ಗ್ರೀಕ್ ಹೆಸರು! ಯಾರು ದೂರು ಕೊಟ್ಟರೋ ಅವರ ಕೈಗೇ ಉಗ್ರಾಣದ ಬೀಗದಕೈ ಕೊಟ್ಟರು ಅಂತ ನನಗೆ ಅನಿಸುತ್ತದೆ.

ಇದನ್ನು ಓದುವಾಗ ನನಗೆ 2020ರ ಲಾಕ್‌ಡೌನ್ ನೆನಪಾಯಿತು. ನಮ್ಮದು ಹೆಣ್ಣೂರು ಕಡೆಯ ಚಿಕ್ಕ ಕನ್ನಡ ಸಭೆ. ಕೆ.ಜಿ.ಎಫ್.ನಿಂದ ಬಂದ ತಮಿಳು ಅಜ್ಜಿಯರೂ ಕೆಲವರು ಇದ್ದಾರೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಮಕ್ಕಳು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದರು, ಹಿಂದೆಯೇ ಇವರೂ ಬಂದರು. ಮನೆಗೆ ಹತ್ತಿರ ಅಂತ ನಮ್ಮಲ್ಲಿಗೆ ಬರುತ್ತಾರೆ. ಕನ್ನಡ ಕೀರ್ತನೆಗೆ ಮೆಲ್ಲಗೆ ತಮಿಳು ಪದ ಹಾಕಿ ಹಾಡಿಕೊಳ್ಳುತ್ತಾರೆ. ಲಾಕ್‌ಡೌನಿನಲ್ಲಿ ಸಭೆಯಿಂದ ರೇಷನ್ ಕಿಟ್ ಹಂಚಿದೆವು. ಪಟ್ಟಿ ಮಾಡಿದ್ದು ವಾಟ್ಸಾಪ್ ಗ್ರೂಪಿನಿಂದ. ಅಜ್ಜಿಯರ ಹತ್ತಿರ ಬಟನ್ ಫೋನು. ಎರಡು ವಾರ ಅವರಿಗೆ ಏನೂ ಹೋಗಲಿಲ್ಲ. ಬೇಕಂತಲೇ ಬಿಟ್ಟವರು ಯಾರೂ ಇಲ್ಲ. ಆ ಪಟ್ಟಿ ಟೈಪ್ ಮಾಡಿದವನು ನಾನೇ.

ಆಟೋ ಅಣ್ಣ ಗೇಟಿನ ಹತ್ತಿರ ಬಂದು ನಿಂತು, "ಬ್ರದರ್, ನಮ್ ಪಾಟಿಗಳ್ ಪೇರೇ ಇಲ್ವಲ್ಲ ಇದ್ರಲ್ಲಿ" ಅಂದರು. ಅವರೂ ಕೆ.ಜಿ.ಎಫ್.ನವರು, ಕನ್ನಡ ತಮಿಳು ಎರಡೂ ಕಲಸಿ ಮಾತಾಡುತ್ತಾರೆ. ಸಂಜೆಯೊಳಗೆ ಒಂದು ರೂಲ್ಡ್ ನೋಟ್‌ಬುಕ್ಕಿನಲ್ಲಿ ಅವರದೇ ಪಟ್ಟಿ ಬಂತು. ಯಾವ ಕ್ರಾಸು, ಯಾರಿಗೆ ಶುಗರ್ ಮಾತ್ರೆ ಬೇಕು, ಯಾರಿಗೆ ಅಕ್ಕಿಯ ಬದಲು ರಾಗಿ ಹಿಟ್ಟು, ಯಾರ ಮನೆಯಲ್ಲಿ ಗ್ಯಾಸ್ ಮುಗಿದಿದೆ. ಪಾಸ್ ಮಾಡಿಸಿಕೊಂಡು ಅವರೇ ಹಂಚಿದರು. ಮಿಕ್ಕ ದುಡ್ಡು ಮುನ್ನೂರ ನಲವತ್ತು ರೂಪಾಯಿ ಬಿಲ್ಲುಗಳ ಜೊತೆ ವಾಪಸ್ ತಂದುಕೊಟ್ಟರು. ಮೊದಲು ಪರೀಕ್ಷೆಯಾಗಲಿ ಅಂತ ಪೌಲ ಹೇಳಿದ್ದು ಇದನ್ನೇ ಅಲ್ವಾ?

"ಸ್ತೆಫನ ಎಷ್ಟು ದೊಡ್ಡ ಪ್ರಸಂಗ ಮಾಡಿದ, ಫಿಲಿಪ್ಪ ಸಮಾರ್ಯದಲ್ಲಿ ಸುವಾರ್ತೆ ಸಾರಿದ" ಅಂತ ಯಾರಾದರೂ ಕೇಳಬಹುದು. ಸರಿ. ಆದರೆ ಅವರನ್ನು ಆರಿಸಿದ್ದು ಅದಕ್ಕಲ್ಲ. ಮಾತಾಡಲು ಬರುವ ಡೀಕನ್ ಸಿಕ್ಕರೆ ಸಂತೋಷ, ಬಾರದವನನ್ನು ಹೊರಗಿಡಲು ಕಾರಣ ಕಾಣುವುದಿಲ್ಲ.

ಡೀಕನ್ ಅಂದರೆ ಚಿಕ್ಕ ಹಿರಿಯ, ಮುಂದೆ ದೊಡ್ಡವನಾಗುವವನು ಅನ್ನುವ ಎಣಿಕೆ ನಮ್ಮ ತಲೆಯಲ್ಲಿ ಹೇಗೋ ಕೂತಿದೆ. ಸಿ.ಎಸ್.ಐ.ನಲ್ಲಿ (ದಕ್ಷಿಣ ಭಾರತ ಸಭೆ) ಅದು ಪ್ರೆಸ್ಬಿಟರ್, ಅಂದರೆ ಸಭಾಪಾಲಕ, ಆಗುವ ಮುಂಚಿನ ಮೆಟ್ಟಿಲು. ಕ್ಯಾಥೊಲಿಕರಲ್ಲೂ ನೂರಾರು ವರ್ಷ ಗುರುಪಟ್ಟಕ್ಕೆ ಮೊದಲಿನ ಮೆಟ್ಟಿಲಾಗಿಯೇ ಉಳಿದಿತ್ತು. ಕೊನೆಯವರೆಗೂ ಡೀಕನ್ ಆಗಿಯೇ ಇರಬಹುದು, ಮದುವೆಯಾದವರೂ ಆಗಬಹುದು ಅಂತ ಎರಡನೇ ವ್ಯಾಟಿಕನ್ ಸಭೆ, ಅಂದರೆ ಕ್ಯಾಥೊಲಿಕ್ ಬಿಷಪರ ಮಹಾಸಭೆ, ದಾರಿ ತೆರೆಯಿತು. 1967ರಲ್ಲಿ ಆರನೇ ಪೌಲ್ ಪೋಪರು ಅದಕ್ಕೆ ನಿಯಮ ಮಾಡಿದರು. ಇನ್ನು ಕೆಲವು ಸ್ವತಂತ್ರ ಸಭೆಗಳಲ್ಲಿ ಡೀಕನ್‌ಗಳೇ ಯಜಮಾನರು, ಪಾಸ್ಟರ್ ಸಂಬಳಕ್ಕೂ ಅವರ ಮುಂದೆ ನಿಲ್ಲಬೇಕು. ಅದರ ಬಗ್ಗೆ ಬರೆದರೆ ರಾತ್ರಿಯಾಗುತ್ತದೆ, ಬಿಡಿ.

ಹಳೆಯ ಲೆಕ್ಕವೊಂದಿದೆ. ಕ್ರಿ.ಶ. 251ರ ಸುಮಾರಿನಲ್ಲಿ ರೋಮಿನ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರವನ್ನು ಚರಿತ್ರೆಕಾರ ಯೂಸೇಬಿಯಸ್ ತನ್ನ ಸಭಾ ಚರಿತ್ರೆಯಲ್ಲಿ ಉಳಿಸಿದ್ದಾನೆ. ಆಗ ಅಲ್ಲಿ 46 ಹಿರಿಯರು, 7 ಡೀಕನ್‌ಗಳು. ಸಭೆ ಸಾಕುತ್ತಿದ್ದ ವಿಧವೆಯರು, ಕಷ್ಟದಲ್ಲಿದ್ದವರು 1,500ಕ್ಕೂ ಜಾಸ್ತಿ. ಆ ಏಳು ಜನಕ್ಕೆ ಪ್ರಸಂಗ ತಯಾರು ಮಾಡಲು ಪುರುಸೊತ್ತು ಎಲ್ಲಿರುತ್ತಿತ್ತೋ.

ಹೆಂಗಸರ ಮಾತೂ ಇದೆ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಪೌಲ ಕೆಂಖ್ರೆಯ ಸಭೆಯ ಫೊಯಿಬೆಗೆ ದಿಯಾಕೊನೊಸ್ ಪದವನ್ನೇ ಬಳಸುತ್ತಾನೆ. ಅದು ಹುದ್ದೆಯೋ, ಸುಮ್ನೆ ಸೇವಕಿ ಅನ್ನುವ ಮಾತೋ ಅಂತ ಪಂಡಿತರು ಇನ್ನೂ ವಾದ ಮಾಡುತ್ತಾರೆ. ಮಾಡಲಿ. ಹಾಸಿಗೆ ಹಿಡಿದ ಅಜ್ಜಿಯ ಮನೆಗೆ ಹೋಗಿ ಸೀರೆ ಬದಲಾಯಿಸಿ ಬರುವ ಕೆಲಸಕ್ಕೆ ಮೂವರು ಗಂಡಸರನ್ನು ಆರಿಸಿದರೆ ಏನು ಉಪಯೋಗ?

ನಮ್ಮ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ನೋಡಿದರೆ ಪಾಪ ಅನಿಸುತ್ತದೆ. ವಾಕ್ಯಕ್ಕೂ ಪ್ರಾರ್ಥನೆಗೂ ಸಮಯ ಬೇಕಾದವರು ಜನರೇಟರ್ ರಿಪೇರಿ, ಕಾಣಿಕೆ ಲೆಕ್ಕ, ಯಾರಾದರೂ ತೀರಿಕೊಂಡರೆ ಹೊಸೂರು ರಸ್ತೆಯ ಸ್ಮಶಾನದಲ್ಲಿ ಜಾಗ, ಪೆಟ್ಟಿಗೆ, ವ್ಯಾನು ಅಂತ ಓಡಾಡುತ್ತಾರೆ. ಆ ಭಾರ ಇಳಿಸಲೆಂದೇ ಇರುವ ಜಾಗಕ್ಕೆ ಇನ್ನೂ ಮೂವರು ಪ್ರಸಂಗಿಗಳನ್ನು ಹುಡುಕುತ್ತಿದ್ದಾರೆ.

ಆಯ್ಕೆ ಮುಂದಿನ ತಿಂಗಳಿಗೆ ಹೋಗಿದೆ. ಅದಕ್ಕೂ ಮುಂಚೆ ಒಂದು ಸಂಜೆ ಆ ಹಿರಿಯರ ಮನೆಗೆ ಹೋಗಿ ಬರಬೇಕು. 1 ತಿಮೊಥೆಯ ಅಂತೂ ತೆರೆದು ತೋರಿಸುತ್ತೇನೆ. ಹೋದ ವರ್ಷ ಅವರ ಮಂಡಿ ಆಪರೇಷನ್ ಆದಾಗ ಆರು ವಾರ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಿ ಬಂದಿದ್ದು ಯಾರ ಆಟೋ ಅಂತ ನೆನಪಿಸಬೇಕಾ ಬೇಡವಾ, ಅದನ್ನು ಮಾತ್ರ ಇನ್ನೂ ತೀರ್ಮಾನಿಸಿಲ್ಲ.